ಸೀಲಿಯಾಕ್: ಅನ್ನ ಉಣ್ಣುವ ಸೀಮೆಯಲ್ಲಿ ಗೋಧಿಯ ಲೆಕ್ಕ

ಗೋಧಿ, ಬಾರ್ಲಿ, ರೈ ಈ ಮೂರು ಧಾನ್ಯಗಳಲ್ಲಿ ಗ್ಲೂಟನ್ ಎಂಬ ಪ್ರೋಟೀನು ಇರುತ್ತದೆ. ಅದು ಹೊಟ್ಟೆಗೆ ಹೋದಾಗಲೆಲ್ಲ ಕೆಲವರ ರೋಗನಿರೋಧಕ ವ್ಯವಸ್ಥೆ ಕೆರಳಿ ತಮ್ಮದೇ ಸಣ್ಣ ಕರುಳಿನ ಮೇಲೆ ಎರಗುತ್ತದೆ. ಈ ಕಾಯಿಲೆಯೇ ಸೀಲಿಯಾಕ್. ಹೋಳಿಗೆಯ ಕಣಕ ಎಳೆದಷ್ಟೂ ಹಿಗ್ಗುತ್ತದಲ್ಲ, ಆ ಜಿಗುಟೇ ಗ್ಲೂಟನ್. ಅಕ್ಕಿ ಹಿಟ್ಟಿನಲ್ಲಿ ಅದಿಲ್ಲ. ಅಕ್ಕಿ ರೊಟ್ಟಿ ತಟ್ಟುವಾಗ ಅಂಚು ಒಡೆಯುವುದು ಅದಕ್ಕೇ.

ಸಣ್ಣ ಕರುಳಿನ ಒಳಮೈ ತುಂಬ ವಿಲ್ಲೈ ಎಂಬ ಸೂಕ್ಷ್ಮ ಎಳೆಗಳು ಎದ್ದು ನಿಂತಿರುತ್ತವೆ. ಉಂಡದ್ದರ ಸತ್ವ ರಕ್ತಕ್ಕೆ ಸೇರುವುದು ಇವುಗಳ ಮೂಲಕ. ಸೀಲಿಯಾಕ್ ಇದ್ದವರಲ್ಲಿ ಇವು ಗಾಳಿಮಳೆಗೆ ಸಿಕ್ಕ ಭತ್ತದ ಪೈರಿನ ಹಾಗೆ ಮಲಗಿಬಿಡುತ್ತವೆ. ಆಮೇಲೆ ಎಷ್ಟು ಉಂಡರೂ ಮೈಗೆ ಹತ್ತುವುದಿಲ್ಲ. ಭೇದಿ, ಹೊಟ್ಟೆಯುಬ್ಬರ ಎಲ್ಲರಿಗೂ ಗೊತ್ತಿರುವ ಲಕ್ಷಣಗಳು. ಆದರೆ ದೊಡ್ಡವರಲ್ಲಿ ಎಷ್ಟೋ ಸಲ ಹೊಟ್ಟೆಯ ದೂರೇ ಇರುವುದಿಲ್ಲ. ಕಬ್ಬಿಣದ ಮಾತ್ರೆ ನುಂಗಿ ನುಂಗಿ ಸಾಕಾದರೂ ಏರದ ಹಿಮೋಗ್ಲೋಬಿನ್, ಪದೇ ಪದೇ ಬಾಯಿಹುಣ್ಣು, ಸವೆದ ಮೂಳೆ, ನಿಲ್ಲದ ಗರ್ಭ, ಮೊಣಕೈ ಮೊಣಕಾಲಿನ ಮೇಲೆ ವಿಪರೀತ ತುರಿಸುವ ಗುಳ್ಳೆ, ಎತ್ತರ ಬೆಳೆಯದ ಮಗು ಇವೆಲ್ಲ ಇದೇ ಕಾಯಿಲೆಯ ಮುಖಗಳಾಗಿರಬಹುದು.

ಇದು ಪಥ್ಯದಿಂದಲೇ ಹತೋಟಿಗೆ ಬರಬೇಕಾದ ಕಾಯಿಲೆ ಎಂದು ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಗೀ 1888ರಲ್ಲೇ ಬರೆದಿದ್ದರು. ಯಾವ ಪಥ್ಯ ಎನ್ನುವುದು ಮಾತ್ರ ಅವರಿಗೆ ಸಿಕ್ಕಿರಲಿಲ್ಲ. ಅದನ್ನು ಗೋಧಿಗೆ ಗಂಟು ಹಾಕಿದವರು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944-45ರ ಬರಗಾಲದ ಚಳಿಗಾಲದಲ್ಲಿ, ಬ್ರೆಡ್ಡೇ ಸಿಗದಾದಾಗ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡದ್ದು, ಬ್ರೆಡ್ಡು ಮರಳಿದಾಗ ಮತ್ತೆ ಕಂಗೆಟ್ಟದ್ದು ಅವರ ಅನುಮಾನವನ್ನು ಗಟ್ಟಿ ಮಾಡಿತು.

ನಮ್ಮಲ್ಲಿ ಇದು ಉತ್ತರ ಭಾರತದವರ ಕಾಯಿಲೆ ಎಂಬ ಮಾತಿದೆ. ಅರ್ಧ ನಿಜ. 2016ರಲ್ಲಿ ಪ್ರಕಟವಾದ ಭಾರತದ ದೊಡ್ಡ ಅಧ್ಯಯನವೊಂದು 23 ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿತ್ತು. ಸೀಲಿಯಾಕ್ ಸೂಚಿಸುವ ಪ್ರತಿಕಾಯಗಳು ಉತ್ತರದಲ್ಲಿ ಶೇಕಡಾ 1.23 ಜನರಲ್ಲಿ ಕಂಡರೆ ದಕ್ಷಿಣದಲ್ಲಿ ಶೇಕಡಾ 0.10. ಆದರೆ ಕಾಯಿಲೆಗೆ ಎಡೆಮಾಡಿಕೊಡುವ ಡಿಕ್ಯೂ2, ಡಿಕ್ಯೂ8 ಎಂಬ ವಂಶವಾಹಿಗಳು ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿದ್ದವು, ಮೂರರಲ್ಲಿ ಒಬ್ಬರಿಗಿಂತ ಹೆಚ್ಚು. ಎದ್ದು ಕಾಣುವ ವ್ಯತ್ಯಾಸ ಇದ್ದದ್ದು ತಟ್ಟೆಯಲ್ಲಿ: ಅಲ್ಲಿ ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ, ಇಲ್ಲಿ 25 ಗ್ರಾಂ. ಕಾರವಾರ, ಶಿರಸಿಯ ಮನೆಗಳಲ್ಲೂ ರಾತ್ರಿ ಚಪಾತಿ, ಸಂಜೆ ಬ್ರೆಡ್ಡು-ಬಿಸ್ಕತ್ತು ರೂಢಿಯಾಗಿರುವಾಗ ಈ ಅಂಕಿಯ ಭರವಸೆಯಲ್ಲಿ ಆರಾಮಾಗಿ ಕೂರುವ ಹಾಗಿಲ್ಲ ಎಂಬುದು ನನ್ನ ಅನಿಸಿಕೆ.

ಅನುಮಾನ ಬಂದ ಕೂಡಲೇ ಗೋಧಿ ಬಿಟ್ಟು ನೋಡುವುದು ಬಹಳ ಜನ ಮಾಡುವ ಕೆಲಸ. ಅಲ್ಲೇ ಎಡವಟ್ಟು. ಟಿಟಿಜಿ-ಐಜಿಎ ಎಂಬ ರಕ್ತಪರೀಕ್ಷೆ ಹುಡುಕುವ ಪ್ರತಿಕಾಯಗಳು ಗ್ಲೂಟನ್ ನಿಂತರೆ ಇಳಿಯುತ್ತವೆ, ಕರುಳೂ ಮಾಗತೊಡಗುತ್ತದೆ. ಆಗ ಪರೀಕ್ಷೆ ಏನೂ ಇಲ್ಲ ಎಂದು ಹೇಳಿಬಿಡಬಹುದು. ರಕ್ತಪರೀಕ್ಷೆ, ಅಗತ್ಯಬಿದ್ದರೆ ಎಂಡೋಸ್ಕೋಪಿ ಮಾಡಿ ಕರುಳಿನ ಚೂರು ತೆಗೆದು ನೋಡುವುದು, ಎರಡೂ ಮುಗಿಯುವವರೆಗೆ ಗೋಧಿ ತಿನ್ನುತ್ತಲೇ ಇರಬೇಕು.

ಗೋಧಿ ತಿಂದರೆ ಆಗುವುದಿಲ್ಲ ಎನ್ನುವವರೆಲ್ಲರಿಗೂ ಸೀಲಿಯಾಕ್ ಇರುವುದಿಲ್ಲ. ಗೋಧಿ ಅಲರ್ಜಿ ಬೇರೆ. ಅದರಲ್ಲಿ ತಿಂದ ಸ್ವಲ್ಪ ಹೊತ್ತಿಗೇ ದದ್ದು, ಉಬ್ಬಸ ಕಾಣಿಸಿಕೊಳ್ಳುವುದುಂಟು. ಪರೀಕ್ಷೆಯಲ್ಲಿ ಎರಡೂ ಇಲ್ಲ, ಆದರೂ ಗೋಧಿ ಬಿಟ್ಟರೆ ಹಾಯೆನಿಸುತ್ತದೆ ಎನ್ನುವವರದು ಇನ್ನೊಂದು ಗುಂಪು. ಇವರಲ್ಲಿ ಕೆಲವರಿಗೆ ತೊಂದರೆ ಕೊಡುವುದು ಗ್ಲೂಟನ್ ಅಲ್ಲ, ಗೋಧಿಯಲ್ಲೂ ಈರುಳ್ಳಿ-ಬೆಳ್ಳುಳ್ಳಿಯಲ್ಲೂ ಇರುವ ಫ್ರಕ್ಟಾನ್ ಎಂಬ ಶರ್ಕರಪಿಷ್ಟ (ಕಾರ್ಬೋಹೈಡ್ರೇಟ್). ಇನ್ನು ಸೀಲಿಯಾಕ್ ಇದ್ದವರಿಗೆ ಮೊದಮೊದಲು ಹಾಲೂ ಜೀರ್ಣವಾಗದೆ ಇರಬಹುದು, ಏಕೆಂದರೆ ಹಾಲಿನ ಸಕ್ಕರೆ ಒಡೆಯುವ ಕಿಣ್ವ ಇರುವುದು ಆ ವಿಲ್ಲೈಗಳ ತುದಿಯಲ್ಲೇ. ಕರುಳು ಸುಧಾರಿಸಿದ ಮೇಲೆ ಸಾಮಾನ್ಯವಾಗಿ ಹಾಲು ಮತ್ತೆ ಒಗ್ಗುತ್ತದೆ.

ಇನ್ನು ಅಡುಗೆಮನೆ. ಗ್ಲೂಟನ್-ಫ್ರೀ ಎಂದು ಬರೆಯಬೇಕಾದರೆ ಕಿಲೋ ಆಹಾರದಲ್ಲಿ 20 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ಕಾನೂನು. ಒಂದು ಗ್ರಾಂ ಗೋಧಿ ಹಿಟ್ಟಿನಲ್ಲೇ ಸುಮಾರು 80ರಿಂದ 100 ಮಿಲಿಗ್ರಾಂ ಗ್ಲೂಟನ್ ಇರುತ್ತದೆ. ದಿನಕ್ಕೆ 50 ಮಿಲಿಗ್ರಾಂ ಹೋದರೂ ಕಾಲಕ್ರಮದಲ್ಲಿ ಕರುಳು ಕೆಡುತ್ತದೆ. ಅಂದರೆ ಚಿಟಿಕೆಯೂ ಲೆಕ್ಕಕ್ಕೆ ಬರುತ್ತದೆ. ನಮ್ಮ ಜಿಲ್ಲೆಯಲ್ಲಿ ಚಪಾತಿ ಬಿಡುವುದೇನು ಮಹಾ ಕಷ್ಟವಲ್ಲ. ಕಷ್ಟ ಇರುವುದು ಗೋಧಿ ಎಂದು ಯಾರೂ ಎಣಿಸದ ಗೋಧಿಯಲ್ಲಿ.

ನನ್ನನ್ನು ಕೇಳಿದರೆ ಮೊದಲ ಆರೋಪಿ ಇಂಗಿನ ಡಬ್ಬಿ. ಅಂಗಡಿಯಲ್ಲಿ ಸಿಗುವ ಪುಡಿ ಇಂಗು ಶುದ್ಧ ಇಂಗಲ್ಲ, ಗೋಂದು ಮತ್ತು ಹಿಟ್ಟು ಬೆರೆಸಿದ್ದು. ಆ ಹಿಟ್ಟು ಬಹಳ ಸಲ ಗೋಧಿ ಅಥವಾ ಮೈದಾ. ಡಬ್ಬಿ ತಿರುಗಿಸಿ ಸಣ್ಣ ಅಕ್ಷರ ಓದಿದರೆ ಬರೆದೇ ಇರುತ್ತದೆ. ಘಟ್ಟದ ಮೇಲಿನ ಅಪ್ಪೆಹುಳಿ, ತಂಬುಳಿಯ ಒಗ್ಗರಣೆ, ಮಿಡಿ ಉಪ್ಪಿನಕಾಯಿ, ಹಪ್ಪಳ ಎಲ್ಲದರಲ್ಲೂ ಇಂಗೇ ಇಂಗು. ಅಕ್ಕಿ ಹಿಟ್ಟು ಬೆರೆಸಿದ ಇಂಗೂ ಮಾರುಕಟ್ಟೆಯಲ್ಲಿದೆ, ಹುಡುಕಿ ತರಬೇಕು. ಸಿಗದಿದ್ದರೆ ಬೆಳ್ಳುಳ್ಳಿ ಜಜ್ಜಿ ಹಾಕಿದರಾಯಿತು.

ಎರಡನೆಯದು ರವೆ. ಗೋಧಿ ಆಗುವುದಿಲ್ಲ ಎಂದರೆ ಅಕ್ಕರೆಯಿಂದ ಉಪ್ಪಿಟ್ಟು ಮಾಡಿಕೊಡುವವರಿದ್ದಾರೆ, ಅದು ಗೋಧಿಯೇ ಎಂದು ಹೊಳೆದೇ ಇರುವುದಿಲ್ಲ. ಕಾರವಾರದ ಖಾನಾವಳಿಯಲ್ಲಿ ಬಂಗಡೆ ರವಾ ಫ್ರೈ ಹೇಗೂ ಬೇಡ, ಆದರೆ ರವೆ ಹಾಕಬೇಡಿ ಎಂದಷ್ಟೇ ಹೇಳಿದರೆ ಸಾಲದು. ಅದೇ ಕಾವಲಿ, ಅದೇ ಎಣ್ಣೆ, ಹಿಂದಿನ ಮೀನಿನಿಂದ ಉದುರಿದ ರವೆ ತಳದಲ್ಲಿ ಕರಿದುಕೊಂಡು ಕೂತಿರುತ್ತದೆ. ಅಂಥ ಕಡೆ ಅನ್ನ, ಸೋಲ್ ಕಢಿ, ಕಾಯಿ ಅರೆದ ಮೀನ್ ಸಾರು ಕೇಳುವುದು ವಾಸಿ, ಅದೂ ಸಾರಿಗೆ ಏನೇನು ಬಿದ್ದಿದೆ ಎಂದು ವಿಚಾರಿಸಿಕೊಂಡು. ಕೋಳಿ ಸಾರಿನ ಜೊತೆಗಿನ ವಡೆಗೆ ಅಕ್ಕಿಯೇ ಮುಖ್ಯವಾದರೂ ಗೋಧಿ ಸೇರಿಸುವ ಮನೆಗಳುಂಟು. ಗೋಬಿ ಮಂಚೂರಿಯ ಮೈದಾ ಕಣ್ಣಿಗೆ ಕಾಣುತ್ತದೆ, ಅದರ ಸೋಯಾ ಸಾಸಿನಲ್ಲಿರುವ ಗೋಧಿ ಕಾಣುವುದಿಲ್ಲ. ಮಾಲ್ಟ್ ಹಾಕಿದ ಪೇಯದ ಪುಡಿಗಳಲ್ಲಿ ಬಾರ್ಲಿ.

ಹಿಟ್ಟಿನ ಗಿರಣಿಯದು ಬೇರೆಯೇ ಪೇಚು. ನೀವು ಒಯ್ದದ್ದು ಅಕ್ಕಿಯೇ, ಆದರೆ ನಿಮಗಿಂತ ಮುಂಚೆ ಬಂದವರು ಗೋಧಿ ಬೀಸಿಕೊಂಡು ಹೋಗಿದ್ದರೆ ಕಲ್ಲಿನ ಸಂದಿಯಲ್ಲಿ ಉಳಿದದ್ದು ನಿಮ್ಮ ಚೀಲಕ್ಕೇ ಬೀಳುತ್ತದೆ. ಗಿರಣಿಯವರ ತಪ್ಪೇನಿಲ್ಲ, ಯಂತ್ರದ ಗುಣ. ಅಕ್ಕಿ ತೊಳೆದು ಒಣಗಿಸಿ ಮನೆಯ ಮಿಕ್ಸಿಯಲ್ಲೇ ಪುಡಿ ಮಾಡುವುದು ಲೇಸು. ರಾಗಿಗೂ ಅದೇ ಮಾತು.

ಎಲ್ಲಕ್ಕಿಂತ ಬಿಕ್ಕಟ್ಟಿನದು ಸತ್ಯನಾರಾಯಣ ಕಥೆಯ ಸಪಾದ. ರವೆ, ತುಪ್ಪ, ಸಕ್ಕರೆ, ಬಾಳೆಹಣ್ಣು. "ಒಂಚೂರು ತಿಂದ್ರೆ ಎಂತೂ ಆಗ್ತಿಲ್ಲೆ ತಂಗಿ, ಪ್ರಸಾದ ಅಲ್ದಾ" ಎಂದು ಶಿರಸಿ ಕಡೆಯ ಅತ್ತೆಯೊಬ್ಬರು ಅಂಗೈಗೆ ಇಟ್ಟೇಬಿಡುತ್ತಾರೆ. ವಾದ ಮಾಡಿ ಪ್ರಯೋಜನವಿಲ್ಲ. ಕಣ್ಣಿಗೊತ್ತಿಕೊಂಡು ಪಕ್ಕದವರಿಗೆ ದಾಟಿಸಿ, ಕೈ ತೊಳೆದು, ತೀರ್ಥ-ಹಣ್ಣು ತೆಗೆದುಕೊಂಡರೆ ಯಾರಿಗೂ ಬೇಸರವಿಲ್ಲ. ಮುಂಚಿತವಾಗಿ ಹೇಳಿದರೆ ಅಕ್ಕಿ ರವೆಯಲ್ಲಿ ಬೇರೆ ಮಾಡಿಡುವ ಮನೆಗಳೂ ಇವೆ.

ಹೀಗೆ ಬಿಡಬೇಕಾದ್ದನ್ನು ಬಿಟ್ಟ ಮೇಲೂ ಎಲೆ ಖಾಲಿಯಾಗುವುದಿಲ್ಲ. ತೆಳ್ಳೇವು, ಕೊಟ್ಟೆ ಕಡುಬು, ಒತ್ತು ಶಾವಿಗೆ, ಪತ್ರೊಡೆ, ಗಂಜಿ-ಚಟ್ನಿ, ಆಲೆಮನೆ ಕಾಲದಲ್ಲಿ ಗಡಿಗೆಯ ಮೇಲೆ ಎರೆದ ತೊಡದೇವು, ಅಘನಾಶಿನಿಯ ಗಜನಿಯಲ್ಲಿ ಬೆಳೆದ ಕಗ್ಗದ ಅನ್ನ ಎಲ್ಲ ಅಕ್ಕಿಯವು. ಪೇಟೆಯಿಂದ ದುಬಾರಿ ಗ್ಲೂಟನ್-ಫ್ರೀ ಬಿಸ್ಕತ್ತು ತರಿಸುವ ಉಮೇದು ನನಗೆ ಅರ್ಥವಾಗುವುದಿಲ್ಲ. ಅದರಲ್ಲಿ ಹೆಚ್ಚಿನದು ಪಿಷ್ಟ, ಸಕ್ಕರೆ. ಅನ್ನವೊಂದನ್ನೇ ನೆಚ್ಚಿದರೆ ನಾರು, ಕಬ್ಬಿಣ ಸಾಲದೆ ಬರುತ್ತದೆ, ಆದ್ದರಿಂದ ಬೇಳೆ, ರಾಗಿ, ಸೊಪ್ಪು, ಮೀನು ತಿನ್ನುವವರಿಗೆ ಮೀನು ಜೊತೆಗಿರಲಿ.

ಪಥ್ಯ ಹಿಡಿದ ಮೇಲೆ ಟಿಟಿಜಿ ಇಳಿಯುತ್ತಿದೆಯೇ ಎಂದು ವೈದ್ಯರು ಆಗಾಗ ರಕ್ತ ನೋಡುತ್ತಾರೆ. ಇಳಿಯದಿದ್ದರೆ ಎಲ್ಲೋ ಗೋಧಿ ನುಸುಳುತ್ತಿದೆ ಎಂದು ಮೊದಲು ಅನುಮಾನಿಸಬೇಕು. ಒಬ್ಬರಿಗೆ ಇದೆ ಎಂದಾದರೆ ಹೆತ್ತವರು, ಒಡಹುಟ್ಟಿದವರು, ಮಕ್ಕಳು ತೊಂದರೆ ಇರಲಿ ಬಿಡಲಿ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಬೇಕು, ಅವರೂ ಗೋಧಿ ಬಿಡುವ ಮೊದಲೇ.