ಹಿಮ ಬೀಳದ ಊರಿನಲ್ಲಿ ಕೂಲೆಂಟ್ ಏಕೆ ಎನ್ನುವವರಿಗೆ

ಹಾಸನದಲ್ಲಿ ಗ್ಯಾರೇಜು ಇಟ್ಟುಕೊಂಡವರಿಗೆ ಶಿರಾಡಿ ಘಾಟಿಯಿಂದ ಒಂದು ಖಾಯಂ ಆದಾಯವಿದೆ. ಮಂಗಳೂರಿನ ಕಡೆಯಿಂದ ಲಾರಿಗಳ ಹಿಂದೆ ಎರಡನೇ ಗೇರಿನಲ್ಲಿ ಏದುತ್ತ ಹತ್ತುವ ಕಾರುಗಳಲ್ಲಿ ಕೆಲವು ಹಬೆ ಉಗುಳುತ್ತ ನಿಂತು, ಕೊನೆಗೆ ಮತ್ತೊಂದು ವಾಹನದ ಬೆನ್ನೇರಿ ನಮ್ಮ ಅಂಗಳಕ್ಕೆ ಬರುತ್ತವೆ. ಹೊಟ್ಟೆಪಾಡಿನ ಮಾತಾದ್ದರಿಂದ ನಾನು ದೂರಬಾರದು. ಆದರೂ ಎಂಜಿನ್ನಿನ ಬಿಸಿನೀರನ್ನು ತಣಿಸುವ ರೇಡಿಯೇಟರ್ ಬಿಚ್ಚಿದಾಗ ಕಾಫಿ ಡಿಕಾಕ್ಷನ್ನಿನಂತಹ ತುಕ್ಕುನೀರು ಸುರಿಯುವುದನ್ನು ಕಂಡಾಗಲೆಲ್ಲ ಸಿಟ್ಟು ಬರುತ್ತದೆ. ಮಾಲೀಕರು ಸಾಮಾನ್ಯವಾಗಿ ಜಿಪುಣರಲ್ಲ, ಸೀಟು ಕವರಿಗೆ ಎಂಟು ಸಾವಿರ ಕೊಟ್ಟವರೇ ಆಗಿರುತ್ತಾರೆ. ಆ ನೀರಿಗೆ ಬೆರೆಸುವ, ಚಳಿಯಲ್ಲಿ ಹೆಪ್ಪುಗಟ್ಟದಂತೆಯೂ ಕಾಯುವ ಕೂಲೆಂಟ್ ಎಂಬ ದ್ರವದ ಮಾತೆತ್ತಿದರೆ ಮಾತ್ರ, ‘ಅದು ಹಿಮ ಬೀಳುವ ಕಡೆಯವರಿಗಲ್ಲವೇ, ನಮಗೆ ಬೋರ್‌ವೆಲ್ ನೀರು ಸಾಲದೇ?’ ಎನ್ನುತ್ತಾರೆ.

ಸ್ವಲ್ಪ ಓದಿಕೊಂಡವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಶಾಖ ಹೀರುವುದರಲ್ಲಿ ಬರಿಯ ನೀರೇ ಮೇಲು ಎಂದು ವಾದಿಸುತ್ತಾರೆ. ಅದು ಸತ್ಯವೇ. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ನೀರಿನಷ್ಟು ಶಾಖವನ್ನು ಹೊರಲಾರದು. ಆದರೆ ಅದನ್ನು ಹಾಕುವುದು ತಣ್ಣಗೆ ಮಾಡುವುದಕ್ಕಿಂತ ಹೆಚ್ಚಾಗಿ, ನೀರು ಕುದಿಯದಂತೆ ಮತ್ತು ಎಂಜಿನ್ನನ್ನು ಒಳಗಿನಿಂದ ತಿನ್ನದಂತೆ ನೋಡಿಕೊಳ್ಳುವುದಕ್ಕೆ. ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿರುವ ನಮ್ಮೂರಿನಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ, ಎಂಜಿನ್ ಕೆಲಸ ಮಾಡುವುದೇ 90ರ ಮೇಲೆ. ರೇಡಿಯೇಟರ್ ಮುಚ್ಚಳವು ಕುಕ್ಕರಿನಂತೆ ಒತ್ತಡವನ್ನು ಹಿಡಿದಿಟ್ಟು ಕುದಿಬಿಂದುವನ್ನು 120ರ ಹತ್ತಿರಕ್ಕೆ ಏರಿಸುತ್ತದೆ. ಅರ್ಧಕ್ಕರ್ಧ ಕೂಲೆಂಟ್ ಬೆರೆಸಿದ್ದರೆ ಅದರ ಮೇಲೆ ಇನ್ನೂ ಎಂಟು ಹತ್ತು ಡಿಗ್ರಿ ಸಿಗುತ್ತದೆ. ಘಾಟಿಯಲ್ಲಿ ಬೇಕಾಗುವುದು ಆ ಎಂಟು ಹತ್ತು ಡಿಗ್ರಿಯೇ.

ತಿನ್ನುವ ವಿಚಾರ ಇದಕ್ಕಿಂತ ದೊಡ್ಡದು. ಎಂಜಿನ್ನಿನ ಮೇಲ್ಭಾಗವಾದ ಹೆಡ್ ಅಲ್ಯೂಮಿನಿಯಮ್ಮಿನದು, ಅದರ ಕೆಳಗಿನ ಬ್ಲಾಕ್ ಅನೇಕ ಕಾರುಗಳಲ್ಲಿ ಬೀಡುಕಬ್ಬಿಣದ್ದು. ಎರಡು ಲೋಹಗಳ ನಡುವೆ ಉಪ್ಪಿನಂಶದ ನೀರು ಹರಿದಾಡಿದರೆ ಅದೇ ಒಂದು ಬ್ಯಾಟರಿಯಾಗಿ ಅಲ್ಯೂಮಿನಿಯಮ್ಮನ್ನು ಕೊರೆಯತೊಡಗುತ್ತದೆ. ಇದನ್ನು ತಡೆಯುವ ರಾಸಾಯನಿಕಗಳಿರುವುದು ಕೂಲೆಂಟಿನಲ್ಲಿ. ಕೊಳವೆಬಾವಿಯ ಗಡಸು ನೀರಾದರೋ ಗೀಸರ್ ಕಾಯಿಲಿಗೆ ಮಾಡಿದ್ದನ್ನೇ ರೇಡಿಯೇಟರಿನ ಸಣ್ಣ ಕೊಳವೆಗಳಿಗೂ ಮಾಡುತ್ತದೆ, ಸುಣ್ಣದ ಪದರ ಕಟ್ಟಿ ದಾರಿ ಮುಚ್ಚುತ್ತದೆ. ಬೆಳಿಗ್ಗೆ ಎದ್ದು ಅಂಬಾಸಿಡರಿಗೆ ಒಂದು ಚೊಂಬು ನೀರು ಹೊಯ್ಯುತ್ತಿದ್ದ ಹಿರಿಯರ ಅಭ್ಯಾಸವನ್ನು ನಾನು ಗೌರವಿಸುತ್ತೇನೆ, ಆದರೆ ಆ ಎಂಜಿನ್ ಬೇರೆ, ಈಗಿನದು ಬೇರೆ.

ನಿವೃತ್ತ ಮೇಷ್ಟ್ರೊಬ್ಬರು ಹಿಂದಿನ ಬೇಸಿಗೆಯಲ್ಲಿ ಮಗಳ ಮನೆಯಿಂದ ಮರಳುವಾಗ, ಟೆಂಪರೇಚರ್ ಮುಳ್ಳು ಏರಿ ಮತ್ತೆ ತಾನಾಗಿಯೇ ಇಳಿದದ್ದನ್ನು ಕಂಡು ಸಮಾಧಾನಗೊಂಡು ಗಾಡಿ ಓಡಿಸಿಕೊಂಡೇ ಬಂದರು. ಮುಳ್ಳು ಇಳಿದದ್ದು ಸೆನ್ಸರಿನ ಸುತ್ತ ನೀರೇ ಇಲ್ಲದ್ದರಿಂದ. ಹೆಡ್ ಬಾಗಿತ್ತು, ಹೆಡ್ಡಿಗೂ ಬ್ಲಾಕಿಗೂ ನಡುವಿನ ಗ್ಯಾಸ್ಕೆಟ್ ಸುಟ್ಟಿತ್ತು. ಬಾಗಿದ ಹೆಡ್ಡನ್ನು ಲೇತಿನಲ್ಲಿ ಫೇಸಿಂಗ್ ಮಾಡಿಸಿ ಸಮತಟ್ಟಾಗಿಸಿ, ವಾಟರ್ ಪಂಪ್ ಬದಲಿಸಿ ನಾನು ಬರೆದ ಬಿಲ್ಲು 31,000 ರೂಪಾಯಿ. ಬಿಲ್ಲನ್ನು ಅವರು ಉತ್ತರಪತ್ರಿಕೆ ತಿದ್ದುವವರಂತೆ ಎರಡು ಬಾರಿ ಓದಿದರು. ಕೂಲೆಂಟ್ ಹಾಕಿಸದೆ ಮೂರು ವರ್ಷಗಳಲ್ಲಿ ಅವರು ಉಳಿಸಿದ್ದು ಹೆಚ್ಚೆಂದರೆ ಒಂದೂವರೆ ಸಾವಿರ.

ಕೂಲೆಂಟನ್ನು ಎಷ್ಟು ವರ್ಷಕ್ಕೊಮ್ಮೆ ಬದಲಿಸಬೇಕೆಂಬುದು ಕಾರಿನಿಂದ ಕಾರಿಗೆ ಬೇರೆಯಾಗುವುದರಿಂದ, ನನ್ನ ಮಾತಿಗಿಂತ ಕಾರಿನ ಜೊತೆ ಬಂದ ಪುಸ್ತಕವನ್ನೇ ನಂಬಿರಿ. ಹಸಿರೋ ಕೆಂಪೋ ಎಂಬ ಬಣ್ಣವನ್ನು ಮಾತ್ರ ನೋಡಿ ಕೊಳ್ಳಬೇಡಿ, ಏಕೆಂದರೆ ಬಣ್ಣ ಕಂಪನಿಗೊಂದು ಬಗೆ, ಒಳಗಿನ ರಾಸಾಯನಿಕ ಬೇರೆಯೇ ಇರಬಹುದು. ಹಣ ಉಳಿಸಲೇಬೇಕಿದ್ದರೆ ಬೆರೆಸದ ಗಟ್ಟಿ ಕೂಲೆಂಟ್ ತಂದು, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸೇರಿಸಿ, ಡಬ್ಬಿಯ ಮೇಲಿನ ಪ್ರಮಾಣದಂತೆ ನೀವೇ ಬೆರೆಸಿಕೊಳ್ಳಿ. ಇಳಿಸಿದ ಹಳೆಯದನ್ನು ಚರಂಡಿಗೆ ಚೆಲ್ಲಬೇಡಿ. ಅದು ಸಿಹಿಯಾದ ವಿಷ, ನಾಯಿಗಳು ನೆಕ್ಕುತ್ತವೆ.

ಘಾಟಿಯ ನಡುವೆ ಹಬೆ ಕಂಡರೆ ಎಂಜಿನ್ ಆರಿಸಿ, ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಕಾಯಿರಿ. ಬಿಸಿ ಇರುವಾಗ ಮುಚ್ಚಳ ತಿರುಗಿಸಿ ಮುಖ ಸುಟ್ಟುಕೊಂಡವರನ್ನು ನಾನು ನೋಡಿದ್ದೇನೆ. ಪೂರ್ತಿ ಆರಿದ ಮೇಲೆ ಕುಡಿಯುವ ಬಾಟಲಿಯ ನೀರನ್ನಾದರೂ ತುಂಬಿ, ಸೋರುತ್ತಿಲ್ಲವೆಂದು ಖಚಿತವಾದರೆ ಮಾತ್ರ ಹತ್ತಿರದ ಗ್ಯಾರೇಜಿಗೆ ಬನ್ನಿ, ತಪ್ಪೇನಿಲ್ಲ. ಬಂದವರು ನೀರು ಹಾಕಿದ್ದನ್ನು ಮೆಕ್ಯಾನಿಕ್‌ಗೆ ದಯವಿಟ್ಟು ಹೇಳಿ. ‘ಈಗ ಸರಿಯಾಗಿದೆ ಬಿಡಿ’ ಎಂದು ಹೊರಟವರೇ ಮುಂದಿನ ಬೇಸಿಗೆಯಲ್ಲಿ ತಿರುಗಿ ಬರುವುದು.