43 ಇಂಚಿನ 4ಕೆ ಟಿವಿಯನ್ನೇ ಮಾನಿಟರ್ ಮಾಡಿಕೊಂಡರೆ ಆಗದೇ?

ಪ್ರಶ್ನೆ: ಮನೆಯಿಂದಲೇ ಕೆಲಸ, ಲ್ಯಾಪ್‌ಟಾಪಿನ ಪರದೆ ಸಾಲುತ್ತಿಲ್ಲ. ಒಳ್ಳೆಯ 27 ಇಂಚಿನ 4ಕೆ ಮಾನಿಟರಿಗೆ ಕೊಡುವ ದುಡ್ಡಿಗೆ 43 ಇಂಚಿನ 4ಕೆ ಟಿವಿಯೇ ಬರುತ್ತದೆ. ಅದನ್ನೇ ತಂದು ಮೇಜಿನ ಮೇಲೆ ಇಟ್ಟುಕೊಳ್ಳೋಣ ಅಂದುಕೊಂಡಿದ್ದೇನೆ. ಅಂಗಡಿಯವರು ‘ಆರಾಮಾಗಿ ಆಗುತ್ತೆ ಸಾರ್’ ಅನ್ನುತ್ತಾರೆ. ಗೆಳೆಯರು ‘ಅಕ್ಷರ ಮಸುಕು, ಕಣ್ಣು ಹಾಳು’ ಅನ್ನುತ್ತಾರೆ. ಯಾರ ಮಾತು ನಂಬಲಿ?

ಉತ್ತರ: ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಒಂದೇ ಟಿವಿ ಒಬ್ಬರ ಮನೆಯಲ್ಲಿ ಅಚ್ಚುಕಟ್ಟಾಗಿ ಅಕ್ಷರ ತೋರಿಸಿ, ಇನ್ನೊಬ್ಬರ ಮನೆಯಲ್ಲಿ ಓದಲಾಗದಷ್ಟು ಮಸುಕಾಗಿ ಕಾಣುವುದುಂಟು. ಕಾರಣ ಹೆಚ್ಚಾಗಿ ಟಿವಿಯ ಬೆಲೆಯಲ್ಲಿರುವುದಿಲ್ಲ. ಲ್ಯಾಪ್‌ಟಾಪಿನ ಪೋರ್ಟ್, ಕೇಬಲ್, ಟಿವಿಯ ಮೆನುವಿನಲ್ಲಿ ಅಡಗಿರುವ ಒಂದೆರಡು ಸೆಟ್ಟಿಂಗ್, ಈ ಮೂರರಲ್ಲಿ ಎಲ್ಲೋ ಇರುತ್ತದೆ.

ಮೊದಲು ಲೆಕ್ಕ ನೋಡೋಣ. 4ಕೆ ಎಂದರೆ ಅಡ್ಡಕ್ಕೆ 3840, ಉದ್ದಕ್ಕೆ 2160 ಪಿಕ್ಸೆಲ್. ಒಟ್ಟು ಸುಮಾರು 83 ಲಕ್ಷ, ಅಂದರೆ ಫುಲ್ ಎಚ್‌ಡಿಯ ಸರಿಯಾಗಿ ನಾಲ್ಕು ಪಟ್ಟು. ಇಷ್ಟೇ ಪಿಕ್ಸೆಲ್‌ಗಳನ್ನು 27 ಇಂಚಿನಲ್ಲಿ ತುಂಬಿದರೆ ಇಂಚಿಗೆ 163 ಬೀಳುತ್ತವೆ, 43 ಇಂಚಿನಲ್ಲಿ ಹರಡಿದರೆ ಸುಮಾರು 102. ಆಫೀಸುಗಳಲ್ಲಿ ಕಾಣುವ 24 ಇಂಚಿನ ಫುಲ್ ಎಚ್‌ಡಿ ಮಾನಿಟರಿನಲ್ಲಿ ಇರುವುದು 92. ಹಾಗಾಗಿ 43 ಇಂಚಿನ 4ಕೆ ಟಿವಿಯಲ್ಲಿ ಅಕ್ಷರ ಆಫೀಸಿನ ಮಾನಿಟರಿಗಿಂತ ತುಸು ಚೂಪಾಗಿಯೇ ಇರಬೇಕು. ಇಲ್ಲದಿದ್ದರೆ ಬೇರೇನೋ ಕೆಟ್ಟಿದೆ ಎಂದರ್ಥ.

ಆದರೆ 27 ಇಂಚಿನ ಮಾನಿಟರಿಗೂ ಇದಕ್ಕೂ ಇರುವ ವ್ಯತ್ಯಾಸ ಗಾತ್ರದ್ದಷ್ಟೇ ಅಲ್ಲ. 27 ಇಂಚಿನಲ್ಲಿ 4ಕೆ ಅಕ್ಷರ ತೀರಾ ಸಣ್ಣದಾಗಿ ಕಾಣುವುದರಿಂದ ಬಹುತೇಕ ಜನ ವಿಂಡೋಸ್‌ನಲ್ಲಿ ಸ್ಕೇಲಿಂಗ್, ಅಂದರೆ ಅಕ್ಷರ, ಚಿತ್ರಗಳನ್ನು ಹಿಗ್ಗಿಸಿ ತೋರಿಸುವ ಅಳತೆ, 150 ಶೇಕಡಾ ಇಡುತ್ತಾರೆ. ಆಗ ಕೆಲಸಕ್ಕೆ ಸಿಗುವ ಜಾಗ 2560 x 1440ರಷ್ಟು ಮಾತ್ರ. 43 ಇಂಚಿನಲ್ಲಿ ಸ್ಕೇಲಿಂಗ್ 100ರಲ್ಲೇ ಇಟ್ಟು ಓದಬಹುದು, ಜಾಗ ಎರಡು ಪಟ್ಟಿಗಿಂತ ಹೆಚ್ಚು. ಅಂಚುಗಳಿಲ್ಲದ ನಾಲ್ಕು 21.5 ಇಂಚಿನ ಮಾನಿಟರ್‌ಗಳನ್ನು ಎರಡೆರಡಾಗಿ ಜೋಡಿಸಿಟ್ಟಷ್ಟು. ದೊಡ್ಡ ಎಕ್ಸೆಲ್ ಹಾಳೆ, ಕೋಡ್, ವಿಡಿಯೊ ಎಡಿಟಿಂಗ್ ಟೈಮ್‌ಲೈನ್ ಇವುಗಳೇ ನಿಮ್ಮ ಕೆಲಸವಾದರೆ ಟಿವಿಯ ಪರ ನನ್ನ ಮತ. ದಿನವಿಡೀ ಒಂದೇ ಡಾಕ್ಯುಮೆಂಟ್ ಓದಿ ತಿದ್ದುವವರಿಗೆ, ಚೂಪಾದ ಅಕ್ಷರವೇ ಮುಖ್ಯವಾದವರಿಗೆ 27 ಇಂಚಿನ ಮಾನಿಟರೇ ಸರಿ.

ಇದು ಹೊಸ ಹುಚ್ಚೇನೂ ಅಲ್ಲ. 2013ರಲ್ಲಿ ಅಮೆರಿಕದಲ್ಲಿ ಸೇಕಿ ಎಂಬ ಕಂಪನಿ 39 ಇಂಚಿನ 4ಕೆ ಟಿವಿಯನ್ನು 699 ಡಾಲರಿಗೆ ಬಿಟ್ಟಾಗ ಅಲ್ಲಿನ ಪ್ರೋಗ್ರಾಮರ್‌ಗಳು ಅದನ್ನು ಮಾನಿಟರ್ ಮಾಡಿಕೊಳ್ಳಲು ಮುಗಿಬಿದ್ದರು. ಆಗ 4ಕೆ ಮಾನಿಟರ್‌ಗಳಿಗೆ ಅದರ ಹಲವು ಪಟ್ಟು ಬೆಲೆ. ಒಂದೇ ತೊಡಕು: ಕಂಪ್ಯೂಟರಿನಿಂದ ಟಿವಿಗೆ ಚಿತ್ರ ಒಯ್ಯುವ ಎಚ್‌ಡಿಎಂಐ ಜೋಡಣೆಯ ಹಳೆಯ ಆವೃತ್ತಿ 1.4 ಮಾತ್ರ ಆ ಟಿವಿಯಲ್ಲಿತ್ತು. ಅದರಲ್ಲಿ 4ಕೆ ಚಿತ್ರ ಸೆಕೆಂಡಿಗೆ 30 ಸಲಕ್ಕಿಂತ ಹೆಚ್ಚು ಬದಲಾಗದು. ಸಿನಿಮಾಕ್ಕೆ ಅದು ಧಾರಾಳ ಸಾಕು. ಮೌಸ್ ಹಿಡಿದವರಿಗೆ ಸಾಲದು, ಕೈ ಮುಂದೆ ಹೋದ ಮೇಲೆ ಬಾಣ ಹಿಂದೆ ಎಳೆದುಕೊಂಡು ಬರುತ್ತದೆ. ಅದೇ ವರ್ಷ ಬಂದ ಎಚ್‌ಡಿಎಂಐ 2.0 ಈ ಮಿತಿಯನ್ನು 60ಕ್ಕೆ ಏರಿಸಿತು, 2017ರ 2.1 ಅದನ್ನು 120ಕ್ಕೆ ಒಯ್ದಿತು.

ಈಗಿನ 4ಕೆ ಟಿವಿಗಳಲ್ಲಿ 60 ಹರ್ಟ್ಸ್, ಅಂದರೆ ಸೆಕೆಂಡಿಗೆ 60 ಸಲ, ಸಾಮಾನ್ಯ. ತೊಂದರೆ ಬರುವುದು ಈಚೆಯಿಂದ, ಲ್ಯಾಪ್‌ಟಾಪಿನ ಕಡೆಯಿಂದ. ಇಂಟೆಲ್‌ನ ಹಳೆಯ ಪ್ರಾಸೆಸರ್‌ಗಳ ಗ್ರಾಫಿಕ್ಸ್‌ನಲ್ಲಿದ್ದದ್ದು ಎಚ್‌ಡಿಎಂಐ 1.4 ಮಾತ್ರ. ಹತ್ತನೇ ತಲೆಮಾರಿನ ಐಸ್ ಲೇಕ್‌ನಲ್ಲಿ 2.0 ಚಿಪ್ಪಿನೊಳಗೇ ಬಂತು. ಅದಕ್ಕೂ ಹಿಂದಿನ ಲ್ಯಾಪ್‌ಟಾಪ್ ಇದ್ದರೆ ಎಚ್‌ಡಿಎಂಐ ಪೋರ್ಟ್ ಬಿಟ್ಟು, ಪರದೆಗೆ ಸಿಗ್ನಲ್ ಕೊಡಬಲ್ಲ ಯುಎಸ್‌ಬಿ-ಸಿ ಅಥವಾ ಡಿಸ್‌ಪ್ಲೇಪೋರ್ಟ್ ಇದೆಯೇ ನೋಡಿ. ಇದ್ದರೆ ಅಡಾಪ್ಟರ್ ಹಾಕಬಹುದು, ಆದರೆ ಅದರ ಮೇಲೆ ‘4ಕೆ 60 ಹರ್ಟ್ಸ್’ ಎಂದು ಬರೆದಿರಬೇಕು. ಬರೀ ‘4ಕೆ’ ಎಂದಿದ್ದರೆ 30 ಎಂದೇ ತಿಳಿಯಿರಿ. ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಎರಡೂ ಒಂದರ ಪಕ್ಕ ಒಂದು ನೇತಾಡುತ್ತಿರುತ್ತವೆ, ನೋಡಲೂ ಒಂದೇ ಥರ. ಕೇಬಲ್ ಮೇಲೆ ‘ಪ್ರೀಮಿಯಂ ಹೈ ಸ್ಪೀಡ್’ ಎಂದಿದ್ದರೆ ಸಾಕು. ಚಿನ್ನದ ಲೇಪನ, ದಾರದ ಹೆಣಿಗೆ ಅಂತೆಲ್ಲ ಹೆಚ್ಚು ದುಡ್ಡು ಕೊಡಬೇಡಿ.

ಇನ್ನು ಅಕ್ಷರ ಮಸುಕಾಗುವ ವಿಷಯ. ಟಿವಿಗೆ ಬರುವ ವಿಡಿಯೊದಲ್ಲಿ ಬೆಳಕಿನ ಮಾಹಿತಿ ಪ್ರತಿ ಪಿಕ್ಸೆಲ್‌ಗೂ ಬೇರೆ ಬೇರೆ ಇರುತ್ತದೆ. ಬಣ್ಣದ ಮಾಹಿತಿ ಮಾತ್ರ ನಾಲ್ಕು ಪಿಕ್ಸೆಲ್‌ಗಳ ಗುಂಪಿಗೆ ಒಂದೇ. ಇದಕ್ಕೆ 4:2:0 ಎನ್ನುತ್ತಾರೆ. ಮುಖ, ಮರ, ಆಕಾಶ ತೋರಿಸುವಾಗ ಈ ಉಳಿತಾಯ ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಅಕ್ಷರ ತೋರಿಸುವಾಗ ಮಾತ್ರ ಬಣ್ಣ ಗೆರೆ ದಾಟಿ ಚೆಲ್ಲುತ್ತದೆ, ಎಳೆ ನೀಟಾಗಿ ಎಳೆದ ರಂಗೋಲಿಗೆ ಮಕ್ಕಳು ಬಣ್ಣ ತುಂಬಿದಂತೆ. ಕಂಪ್ಯೂಟರಿಗೆ ಬೇಕಾದದ್ದು 4:4:4, ಅಂದರೆ ಪ್ರತಿ ಪಿಕ್ಸೆಲ್‌ಗೂ ಅದರದೇ ಬಣ್ಣ. ಎಚ್‌ಡಿಎಂಐ 2.0ರ ಸೆಕೆಂಡಿಗೆ 18 ಗಿಗಾಬಿಟ್ ದಾರಿಯಲ್ಲಿ 4ಕೆ, 60 ಹರ್ಟ್ಸ್, 4:4:4 ಮೂರೂ ಒಟ್ಟಿಗೆ ಹಿಡಿಯುತ್ತವೆ. ಹಾಗಿದ್ದರೂ ಎಷ್ಟೋ ಟಿವಿಗಳು ಆ ದಾರಿಯನ್ನು ಮೊದಲಿಗೆ ಮುಚ್ಚಿಟ್ಟೇ ಬರುತ್ತವೆ, ಹಳೆಯ ಸೆಟ್‌ಟಾಪ್ ಬಾಕ್ಸ್‌ಗಳಿಗೆ ತೊಂದರೆಯಾಗದಿರಲೆಂದು.

ಬಾಗಿಲು ತೆರೆಯುವ ಸೆಟ್ಟಿಂಗಿಗೆ ಒಬ್ಬೊಬ್ಬರದು ಒಂದೊಂದು ಹೆಸರು. ಸ್ಯಾಮ್ಸಂಗ್‌ನಲ್ಲಿ ‘ಇನ್‌ಪುಟ್ ಸಿಗ್ನಲ್ ಪ್ಲಸ್’, ಎಲ್‌ಜಿಯಲ್ಲಿ ‘ಅಲ್ಟ್ರಾ ಎಚ್‌ಡಿ ಡೀಪ್ ಕಲರ್’, ಸೋನಿಯಲ್ಲಿ ‘ಎನ್‌ಹಾನ್ಸ್ಡ್ ಫಾರ್ಮ್ಯಾಟ್’. ಅಷ್ಟಕ್ಕೇ ಮುಗಿಯುವುದಿಲ್ಲ. ಸ್ಯಾಮ್ಸಂಗ್, ಎಲ್‌ಜಿಗಳಲ್ಲಿ ಆ ಇನ್‌ಪುಟ್‌ಗೆ ‘ಪಿಸಿ’ ಎಂದು ಹೆಸರು ಕೊಡಬೇಕು. ಬರೀ ಹೆಸರು ಬದಲಿಸಿದರೆ ಚಿತ್ರ ಹೇಗೆ ಬದಲಾದೀತು ಅನ್ನಿಸಬಹುದು, ಆದರೆ ಟಿವಿ ತನ್ನ ‘ಸುಧಾರಣೆ’ಗಳನ್ನು ಬಿಟ್ಟು ಸಿಗ್ನಲ್ ಹಾಗೇ ತೋರಿಸುವುದು ಆ ಹೆಸರು ನೋಡಿಯೇ. ಸೋನಿಯಲ್ಲಿ ಪಿಕ್ಚರ್ ಮೋಡನ್ನು ‘ಗ್ರಾಫಿಕ್ಸ್’ ಮಾಡಬೇಕು. ಸಣ್ಣ ಬ್ರ್ಯಾಂಡ್‌ಗಳ ಗೂಗಲ್ ಟಿವಿಗಳಲ್ಲಿ ಇಂಥ ಸೆಟ್ಟಿಂಗ್ ಸಿಗದಿದ್ದರೆ ‘ಗೇಮ್ ಮೋಡ್’ ಹಾಕಿ ನೋಡಿ, ಕೆಲವದರಲ್ಲಿ ಅಷ್ಟಕ್ಕೇ ಸರಿಹೋಗುತ್ತದೆ. ಕೆಲವದರಲ್ಲಿ ಏನು ಮಾಡಿದರೂ ಆಗುವುದಿಲ್ಲ. ಅಂಥದ್ದನ್ನು ಅಂಗಡಿಯಲ್ಲೇ ಗುರುತಿಸಬೇಕು.

ಗುರುತಿಸುವುದು ಹೇಗೆ ಎಂದರೆ, ನಿಮ್ಮ ಲ್ಯಾಪ್‌ಟಾಪನ್ನೇ ಅಂಗಡಿಗೆ ಒಯ್ಯಿರಿ. ವರ್ಡ್‌ನಲ್ಲಿ ಒಂದು ಹಾಳೆ ಸಿದ್ಧಮಾಡಿಕೊಂಡಿರಿ. ಕಪ್ಪು ಹಿನ್ನೆಲೆಯ ಮೇಲೆ ಕೆಂಪು, ಕೆಂಪಿನ ಮೇಲೆ ನೀಲಿ, 10 ಅಥವಾ 11 ಪಾಯಿಂಟಿನಲ್ಲಿ. ‘ಸ್ತ್ರೀ’, ‘ರಾಷ್ಟ್ರ’, ‘ಲಕ್ಷ್ಮಿ’ ಇಂಥ ಪದಗಳನ್ನೇ ಬರೆಯಿರಿ. ಇಂಗ್ಲಿಷ್ ಅಕ್ಷರ ಒಂದಿಷ್ಟು ಮಸುಕಾದರೂ ಊಹಿಸಿ ಓದಿಬಿಡುತ್ತೇವೆ. ನಮ್ಮ ಒತ್ತಕ್ಷರ ಸಾಲಿನ ಕೆಳಗೆ ಪುಟ್ಟದಾಗಿ ಕೂರುವುದರಿಂದ ಬಣ್ಣ ಚೆಲ್ಲಿದ ಕೂಡಲೇ ಮೊದಲು ಅದೇ ಕರಗುತ್ತದೆ. ‘ಷ್ಟ್ರ’ದಲ್ಲಿ ಟ-ಒತ್ತೂ ರ-ಒತ್ತೂ ಬಿಡಿಬಿಡಿಯಾಗಿ ಕಂಡರೆ ಆ ಟಿವಿ ಪಾಸು. ಕೆಳಗೆ ಬರೀ ಕಲೆಯಂತೆ ಕಂಡು, ಸೆಟ್ಟಿಂಗ್ ಬದಲಿಸಿದರೂ ಸರಿಹೋಗದಿದ್ದರೆ ಬಿಟ್ಟು ಬನ್ನಿ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇಗೆ ಹೋದರೆ ಹರ್ಟ್ಸ್ ಎಷ್ಟು, ಬಣ್ಣ ಹೋಗುತ್ತಿರುವುದು ಆರ್‌ಜಿಬಿಯಲ್ಲೋ (ಅಂದರೆ ಪ್ರತಿ ಪಿಕ್ಸೆಲ್‌ಗೂ ಪೂರ್ಣ ಬಣ್ಣ) ಬೇರೆ ರೀತಿಯಲ್ಲೋ ಎನ್ನುವುದೂ ಕಾಣುತ್ತದೆ.

ಅಂಗಡಿಯಲ್ಲಿ ಇನ್ನೆರಡು ಎಚ್ಚರ. ‘43 ಇಂಚು’ ಎಂದು ಅಗ್ಗಕ್ಕೆ ಮಾರುವವುಗಳಲ್ಲಿ ಫುಲ್ ಎಚ್‌ಡಿ ಟಿವಿಗಳೂ ಇರುತ್ತವೆ. ಅವುಗಳಲ್ಲಿ ಇಂಚಿಗೆ 51 ಪಿಕ್ಸೆಲ್, ಮೇಜಿನ ಮೇಲೆ ಇಟ್ಟರೆ ಚುಕ್ಕಿಗಳನ್ನು ಎಣಿಸಬಹುದು. ಇನ್ನೊಂದು ಸೂಕ್ಷ್ಮ ವಿಷಯ: ಕೆಲವು ವರ್ಷಗಳ ಹಿಂದೆ ಎಲ್‌ಜಿಯ ಕೆಳದರ್ಜೆಯ 4ಕೆ ಟಿವಿಗಳಲ್ಲಿ ಕೆಂಪು, ಹಸಿರು, ನೀಲಿಯ ಜೊತೆಗೆ ಬಿಳಿಯ ಉಪಪಿಕ್ಸೆಲ್ (ಪಿಕ್ಸೆಲ್‌ನೊಳಗಿನ ಒಂದೊಂದು ಬಣ್ಣದ ಚುಕ್ಕಿ) ಸೇರಿಸಿದ ಪ್ಯಾನೆಲ್ ಬರುತ್ತಿತ್ತು. ಹೆಸರಿಗೆ 4ಕೆ, ಆದರೆ ಪೂರ್ಣ ಬಣ್ಣದ ಪಿಕ್ಸೆಲ್ ಅಡ್ಡಕ್ಕೆ 2880 ಮಾತ್ರ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನು ನೋಡಿಕೊಳ್ಳಬೇಕು. ಪಿಕ್ಸೆಲ್‌ಗಳೇ ಬೆಳಗುವ ಒಎಲ್‌ಇಡಿ ಟಿವಿ ಅಗ್ಗವಾಗಿ ಸಿಕ್ಕರೂ ಬೇಡ. ದಿನವಿಡೀ ಒಂದೇ ಜಾಗದಲ್ಲಿ ನಿಲ್ಲುವ ಟಾಸ್ಕ್‌ಬಾರ್ ಅದರ ಮೇಲೆ ಕಾಯಂ ಗುರುತು ಬಿಟ್ಟೀತು.

55 ಇಂಚು? ನನ್ನನ್ನು ಕೇಳಿದರೆ ಬೇಡ. 43 ಇಂಚಿನ ಟಿವಿಯೇ 95 ಸೆಂಟಿಮೀಟರ್ ಅಗಲ, 53 ಎತ್ತರ. ಸಾಧಾರಣ ದೃಷ್ಟಿಯವರಿಗೆ ಅದರ ಪಿಕ್ಸೆಲ್‌ಗಳು ಬಿಡಿಯಾಗಿ ಕಾಣದಿರಲು ಕಣ್ಣಿಗೂ ಪರದೆಗೂ 85 ಸೆಂಟಿಮೀಟರ್ ಬೇಕು. ಎರಡಡಿ ಮೇಜಿನಲ್ಲಿ ಕುರ್ಚಿ ಸ್ವಲ್ಪ ಹಿಂದೆ ಎಳೆದುಕೊಂಡರೆ ಹೇಗೋ ಆಗುತ್ತದೆ. 55ಕ್ಕೆ ಆ ದೂರ ಒಂದು ಮೀಟರ್ ದಾಟುತ್ತದೆ, ಮೂಲೆಯಲ್ಲಿರುವ ಗಡಿಯಾರ ನೋಡಲೂ ಕತ್ತು ತಿರುಗಿಸಬೇಕು. 43ನ್ನಾದರೂ ಅದರ ಕಾಲುಗಳ ಮೇಲೆ ನಿಲ್ಲಿಸುವ ಬದಲು ಗೋಡೆಗೆ ಹಾಕಿಸಿ, ಕೆಳ ಅಂಚು ಮೇಜಿಗೆ ತಾಗುವಷ್ಟು ಕೆಳಗೆ. ಟಿವಿ ಹಾಕಲು ಬರುವ ಹುಡುಗರು ರೂಢಿಯಂತೆ ಸೋಫಾದಿಂದ ನೋಡುವ ಎತ್ತರಕ್ಕೆ ರಂಧ್ರ ಕೊರೆಯಲು ಹೊರಡುತ್ತಾರೆ, ಪಕ್ಕದಲ್ಲೇ ನಿಂತಿರಿ. ಮೇಲಿನ ಕಾಲುಭಾಗದಲ್ಲಿ ಮೇಲ್, ಚಾಟ್ ಇಂಥದ್ದನ್ನು ಇಟ್ಟು ಮುಖ್ಯ ಕೆಲಸ ಕೆಳಗಿನ ಮಧ್ಯಭಾಗದಲ್ಲಿ ಮಾಡಿದರೆ ಕತ್ತಿಗೆ ಹಿತ. ವಿಂಡೋಸ್‌ಗೆ ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ ಪವರ್‌ಟಾಯ್ಸ್‌ನಲ್ಲಿರುವ, ಪರದೆಯನ್ನು ಭಾಗಗಳಾಗಿ ಹಂಚಿ ವಿಂಡೋಗಳನ್ನು ಅವುಗಳಲ್ಲಿ ಕೂರಿಸುವ ಫ್ಯಾನ್ಸಿಜೋನ್ಸ್ ಇದಕ್ಕೆಂದೇ ಮಾಡಿದಂತಿದೆ.

ಕಣ್ಣಿನ ಮಾತಿಗೆ ಬಂದರೆ, ಟಿವಿ ಎಂಬ ಕಾರಣಕ್ಕೇ ಕಣ್ಣು ಹಾಳಾಗುವುದಿಲ್ಲ. ಹತ್ತಡಿ ದೂರದಿಂದ ನೋಡಲೆಂದು ಇಟ್ಟ ಬೆಳಕನ್ನು ಮೂರಡಿಯಿಂದ ನೋಡಿದರೆ ಸಂಜೆಗೆ ಕಣ್ಣು ಉರಿಯುತ್ತದೆ ಅಷ್ಟೆ. ಮೆನುವಿನಲ್ಲಿ ‘ಬ್ಯಾಕ್‌ಲೈಟ್’ ಎಂದಿರುವುದನ್ನು ಧೈರ್ಯವಾಗಿ ಇಳಿಸಿ, ಪಕ್ಕದಲ್ಲಿ ಒಂದು ಬಿಳಿ ಕಾಗದ ಹಿಡಿದರೆ ಎರಡೂ ಒಂದೇ ಬೆಳಕಿನಲ್ಲಿ ಕಾಣುವವರೆಗೆ. ಬಣ್ಣದ ಹದ ‘ವಾರ್ಮ್’ಗೆ ಇರಲಿ. ‘ಶಾರ್ಪ್‌ನೆಸ್’ ಹೆಚ್ಚಿದ್ದರೆ ಅಕ್ಷರಗಳ ಸುತ್ತ ಬಿಳಿ ಗೆರೆ ಮೂಡುತ್ತದೆ. ಆ ಗೆರೆ ಹೋಗುವವರೆಗೆ ಇಳಿಸುತ್ತಾ ಬನ್ನಿ. ಟಾಸ್ಕ್‌ಬಾರಿನ ಅಂಚು ಕತ್ತರಿಸಿ ಹೋಗಿದ್ದರೆ ‘ಜಸ್ಟ್ ಸ್ಕ್ಯಾನ್’, ‘ಫಿಟ್ ಟು ಸ್ಕ್ರೀನ್’ ಅಥವಾ ‘ಫುಲ್ ಪಿಕ್ಸೆಲ್’ ಎಂದು ಹುಡುಕಿ.

ಬೆಲೆಯ ಬಗ್ಗೆ: 32 ಇಂಚಿಗಿಂತ ದೊಡ್ಡ ಟಿವಿಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 28ರ ಬದಲು 18 ಶೇಕಡಾ ಆಗಿದೆ. ದಸರಾ, ದೀಪಾವಳಿ ರಿಯಾಯಿತಿಯೂ ಸೇರಿದರೆ ಮಾನಿಟರ್ ಇನ್ನಷ್ಟು ದುಬಾರಿ ಅನ್ನಿಸುತ್ತದೆ. ಫೋಟೊ, ಮುದ್ರಣದ ಬಣ್ಣ ಹೊಂದಿಸುವವರು ಮಾತ್ರ ಈ ಅಗ್ಗಕ್ಕೆ ಮರುಳಾಗಬಾರದು. ಇನ್ನೊಂದು ಕಿರಿಕಿರಿ ಮೊದಲೇ ತಿಳಿದಿರಲಿ: ಲ್ಯಾಪ್‌ಟಾಪ್ ಮುಟ್ಟಿದೊಡನೆ ಮಾನಿಟರ್ ಎಚ್ಚರಗೊಳ್ಳುತ್ತದೆ, ಟಿವಿಯನ್ನು ಬಹುಪಾಲು ರಿಮೋಟ್ ಒತ್ತಿಯೇ ಎಬ್ಬಿಸಬೇಕು. ಅದಕ್ಕೆ ವೈಫೈ ಪಾಸ್‌ವರ್ಡ್ ಕೊಡದಿದ್ದರೆ ಕನಿಷ್ಠ ಆನ್ ಮಾಡಿದಾಗ ಜಾಹೀರಾತಿನ ಕಾಟವಾದರೂ ತಪ್ಪುತ್ತದೆ.