115 ಕಿಲೋ ಲೆಕ್ಕ ಮತ್ತು ಹಾರುವ ಬಂಡಿ ಕಟ್ಟುವವರು

ಪೈಪ್ ಬೆಸೆದು ಮಾಡಿದ ಮೂರು ಗಾಲಿಯ ಬಂಡಿ. ಹಿಂದೆ ಇಂಜಿನ್, ಪ್ರೊಪೆಲರ್. ಅದರ ಹಿಂದೆ ಹುಲ್ಲಿನ ಮೇಲೆ ಹಾಸಿಟ್ಟ ಪ್ಯಾರಾಚೂಟ್. ಥ್ರಾಟಲ್ ಕೊಟ್ಟರೆ ಬಂಡಿ ಉರುಳುತ್ತದೆ, ಬಟ್ಟೆ ಮೇಲೆದ್ದು ತಲೆ ಮೇಲೆ ನಿಲ್ಲುತ್ತದೆ. ಪೈಲಟ್ ಕತ್ತೆತ್ತಿ ಬಟ್ಟೆಯ ಎಲ್ಲ ಕೋಶಗಳಲ್ಲೂ ಗಾಳಿ ತುಂಬಿದೆಯಾ, ದಾರ ಸಿಕ್ಕಾಗಿಲ್ಲವಾ ಅಂತ ನೋಡುತ್ತಾನೆ. ಸರಿ ಇದ್ದರೆ ಫುಲ್ ಥ್ರಾಟಲ್, ಇಲ್ಲದಿದ್ದರೆ ಇಂಜಿನ್ ಬಂದ್. ಆಮೇಲೆ ಥ್ರಾಟಲ್ ಜಾಸ್ತಿ ಮಾಡಿದರೆ ಏರುತ್ತದೆ, ಕಡಿಮೆ ಮಾಡಿದರೆ ಇಳಿಯುತ್ತದೆ. ತಿರುಗಿಸಲು ಕಾಲಲ್ಲಿ ಒತ್ತುವ ಪಟ್ಟಿ ಇದೆ. ವೇಗ ಗಂಟೆಗೆ ಸುಮಾರು 45 ಕಿಲೋಮೀಟರ್, ಅಷ್ಟೇ. ಪವರ್ಡ್ ಪ್ಯಾರಾಚೂಟ್ ಅಂದರೆ ಇದು.

ಇದಕ್ಕೆ ದಾರಿ ಮಾಡಿಕೊಟ್ಟವರು ಡೊಮಿನಾ ಜಾಲ್ಬರ್ಟ್. ಮುಂದಿನಿಂದ ಗಾಳಿ ನುಗ್ಗಿ ದಿಂಬಿನಂತೆ ಉಬ್ಬುವ, ರೆಕ್ಕೆಯಂತೆ ಎತ್ತುವ ಅವರ ಪ್ಯಾರಾಫಾಯಿಲ್‌ಗೆ 1966ರಲ್ಲಿ ಪೇಟೆಂಟ್ ಸಿಕ್ಕಿತು. ಅದಕ್ಕೆ ಇಂಜಿನ್ ಕಟ್ಟುವ ಪ್ರಯೋಗ 60ರ ದಶಕದಲ್ಲೇ ನಡೆದಿತ್ತು. ಆದರೆ ಮಾರುವಂಥ ಯಂತ್ರ ಬಂದದ್ದು 80ರ ದಶಕದ ಆರಂಭದಲ್ಲಿ. ಸ್ಟೀವ್ ಸ್ನೈಡರ್ ಮತ್ತು ಜೊತೆಗಾರರು ಎರಡು ಪುಟ್ಟ ಇಂಜಿನ್ ಹಾಕಿ ‘ಪ್ಯಾರಾಪ್ಲೇನ್’ ಕಟ್ಟಿದರು. ಎರಡು ಪ್ರೊಪೆಲರ್ ಒಂದಕ್ಕೊಂದು ಎದುರು ದಿಕ್ಕಿನಲ್ಲಿ ತಿರುಗುತ್ತಿದ್ದವು.

ಅದೇ ಹೊತ್ತಿಗೆ, 1982ರಲ್ಲಿ, ಅಮೆರಿಕದ ವಿಮಾನಯಾನ ಇಲಾಖೆ ‘ಪಾರ್ಟ್ 103’ ನಿಯಮ ತಂದಿತು. ಒಂದೇ ಸೀಟು, ಖಾಲಿ ತೂಕ ಸುಮಾರು 115 ಕಿಲೋ ಒಳಗೆ, ಇಂಧನ 19 ಲೀಟರ್ ಒಳಗೆ. ಇಷ್ಟಿದ್ದರೆ ಲೈಸೆನ್ಸ್ ಬೇಡ, ನೋಂದಣಿ ಬೇಡ. ಸಣ್ಣ ತಯಾರಕರಿಗೆ ಬಾಗಿಲು ತೆರೆದದ್ದೇ ಈ ನಿಯಮ. ಇಂಡಿಯಾನಾದ ಆರ್ಗಸ್‌ನಲ್ಲಿ ಬಕೈ, ವಾಷಿಂಗ್ಟನ್ ರಾಜ್ಯದ ಯಾಕಿಮಾದಲ್ಲಿ ಸಿಕ್ಸ್ ಚೂಟರ್ ಎಂಬ ಕಂಪನಿಗಳು ತಲೆಯೆತ್ತಿದವು. ಇಂಥ ಸಣ್ಣ ತಯಾರಕರ ಶೆಡ್ಡಿನ ಸ್ವಂತ ಕೆಲಸ ಮುಖ್ಯವಾಗಿ ಬಂಡಿಯದ್ದು. ಬಟ್ಟೆ ಬೇರೆಯವರಿಂದ, ಇಂಜಿನ್ ಬಹುಪಾಲು ಆಸ್ಟ್ರಿಯಾದ ರೋಟ್ಯಾಕ್ಸ್‌ನಿಂದ.

ಆದರೆ ಒಂದೇ ಸೀಟಿನ ಯಂತ್ರದಲ್ಲಿ ಕಲಿಯೋದು ಹೇಗೆ? ಗುರು ಎಲ್ಲಿ ಕೂರಬೇಕು? ಅದಕ್ಕಾಗಿ ಎರಡು ಸೀಟಿನ ತರಬೇತಿ ಯಂತ್ರಗಳಿಗೆ ವಿನಾಯಿತಿ ಕೊಟ್ಟರು. ಸಿಕ್ಕಿದ್ದೇ ಸಾಕು ಅಂತ ಅನೇಕರು ತರಬೇತಿಯ ಹೆಸರಲ್ಲಿ ಸುಮ್ನೆ ಮೋಜಿಗೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹಾರಿದರು. ನಿಯಮದ ಈ ಸಂದಿಯಲ್ಲೇ ಮಾರುಕಟ್ಟೆ ಬೆಳೆಯಿತು ಅಂದರೂ ತಪ್ಪಿಲ್ಲ.

2004ರಲ್ಲಿ ಹಗುರ ವಿಮಾನಗಳಿಗೆಂದೇ ‘ಲೈಟ್ ಸ್ಪೋರ್ಟ್’ ನಿಯಮ ಬಂತು. ಹಳೆಯ ಎರಡು ಸೀಟಿನವನ್ನು 2008ರ ಜನವರಿ ಒಳಗೆ ನೋಂದಾಯಿಸಬೇಕಾಯಿತು, ಹಾರಿಸುವವರಿಗೆ ಸ್ಪೋರ್ಟ್ ಪೈಲಟ್ ಪ್ರಮಾಣಪತ್ರ ಬೇಕಾಯಿತು. ಹೊಸದಾಗಿ ಪೂರ್ತಿ ಜೋಡಿಸಿ ಮಾರುವವರು ತಮ್ಮ ಯಂತ್ರ ಎಎಸ್‌ಟಿಎಂ ಎಂಬ ಸಂಸ್ಥೆ ರೂಪಿಸಿದ ಮಾನದಂಡಕ್ಕೆ ತಕ್ಕಂತಿದೆ ಎಂದು ತಾವೇ ಬರೆದುಕೊಡಬೇಕು. ಸುಲಭ ಅನ್ನಿಸುತ್ತದೆ, ಅಲ್ವಾ? ಪರೀಕ್ಷಾ ಹಾರಾಟದ ದಾಖಲೆ, ರಿಪೇರಿ ಕೈಪಿಡಿ, ಗುಣಮಟ್ಟದ ಕಾಗದ, ಮಾರಿದ ಮೇಲೂ ಸುರಕ್ಷತಾ ಸೂಚನೆ. ಬೆರಳೆಣಿಕೆಯ ಕೆಲಸಗಾರರ ಶೆಡ್ಡಿಗೆ ವೆಲ್ಡಿಂಗ್‌ಗಿಂತ ಇದೇ ಭಾರ. ನನ್ನ ಪ್ರಕಾರ ನಿಯಮದ ಉದ್ದೇಶ ತಪ್ಪಲ್ಲ. ಆದರೆ ನೂರು ವಿಮಾನ ಮಾರುವವನಿಗೂ ಹತ್ತು ಬಂಡಿ ಮಾರುವವನಿಗೂ ಕಾಗದದ ಹೊರೆ ಹೆಚ್ಚುಕಡಿಮೆ ಒಂದೇ.

ಇದರ ಮೇಲೆ ಇಂಜಿನ್ ತಲೆನೋವು. ಈ ಬಂಡಿಗಳ ನೆಚ್ಚಿನ ಎರಡು ಸ್ಟ್ರೋಕ್ ರೋಟ್ಯಾಕ್ಸ್ 503 ತಯಾರಿಕೆ ನಿಂತುಹೋಯಿತು. ನಾಲ್ಕು ಸ್ಟ್ರೋಕಿನ 912 ನಂಬಿಕಸ್ಥ ಇಂಜಿನ್, ನಿಜ. ಬೆಲೆ ಮಾತ್ರ ದುಬಾರಿ, ತೂಕವೂ ಜಾಸ್ತಿ. ಹಾಗಾಗಿ 115 ಕಿಲೋ ಬಂಡಿಗೆ ಅದು ಹೊಂದುವುದಿಲ್ಲ, ಎರಡು ಸೀಟಿನದಕ್ಕೇ ಸರಿ.